ನೂರೆಪ್ಪತ್ತು ಹುಟ್ಟಿಗೆ ಮಾವಳ್ಳಿಯ ಕರೆ

ಹಡಗಿನಲ್ಲಿ ನೂರೆಪ್ಪತ್ತು ಮಂದಿ ಹುಟ್ಟು ಹಾಕುತ್ತಿದ್ದರು, ಒಬ್ಬನಿಗೂ ದಣಿವಿರಲಿಲ್ಲ. ಪರದೆಯ ಮೇಲೆ ಅವರ ಬೆನ್ನು ಬಾಗುತ್ತಿತ್ತು, ತೋಳಿನ ನರ ಉಬ್ಬುತ್ತಿತ್ತು, ಹಣೆಯ ಬೆವರು ಕೂಡ ಹೊಳೆಯುತ್ತಿತ್ತು. ಕಣ್ಣು ಮುಚ್ಚಿ ಕೇಳಿದರೆ ಮಾತ್ರ ಎ.ಸಿ. ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು, ಚಹಾ ಯಾವಾಗ ಬರುತ್ತದೆ ಎಂದು ಕಾಯುತ್ತ ಕೂಗುತ್ತಿರುವ ನಾಲ್ಕು ಜನ ಕಾಣುತ್ತಿದ್ದರು. ನಿಜವೂ ಅದೇ ಆಗಿತ್ತು. ನಗರದ ಸ್ಟುಡಿಯೊ ಒಂದರಲ್ಲಿ ನಾಲ್ಕು ಜನ ನಟರನ್ನು ಕೂರಿಸಿ ಕೂಗಿಸಿದ್ದರು.

ಅದೊಂದು ವಿಡಿಯೊ ಗೇಮ್. ಪ್ರಾಚೀನ ಗ್ರೀಸಿನ ಒಂದು ಬಂದರು ಪಟ್ಟಣದಲ್ಲಿ ನಡೆಯುವ ಆಟ. ಆಡುವವರು ಒಂದು ಯುದ್ಧನೌಕೆಯ ನಾಯಕರಾಗಿ ಸಮುದ್ರಕ್ಕೆ ಇಳಿಯಬೇಕು. ಅಂಥ ನೌಕೆಯಲ್ಲಿ ಹುಟ್ಟು ಹಾಕುವವರು ಒಬ್ಬರ ಮೇಲೊಬ್ಬರಂತೆ ಮೂರು ಸಾಲಿನಲ್ಲಿ ಕೂರುತ್ತಿದ್ದರು. ಕೆಳಗಿನ ಸಾಲಿನವರಿಗೆ ಸಮುದ್ರವೇ ಕಾಣುತ್ತಿರಲಿಲ್ಲ. ಎದುರಿಗೆ ಒಬ್ಬನ ಬೆನ್ನು, ತಲೆಯ ಮೇಲೆ ಇನ್ನೊಬ್ಬನ ಕಾಲು. ಯಾವಾಗ ಎಳೆಯಬೇಕು, ಯಾವಾಗ ತಡೆಯಬೇಕು ಎಂದು ಹೇಳುವುದಕ್ಕೆ ಕರೆ ಕೊಡುವವನೊಬ್ಬ ಇರುತ್ತಿದ್ದ. ಅವನ ಕರೆಗೆ ಅಷ್ಟೂ ಜನ ಓಗೊಟ್ಟು ಎಳೆಯಬೇಕು. ಆ ಕರೆ ಮತ್ತು ಆ ಓಗೊಡುವಿಕೆಯನ್ನು ತಂದುಕೊಡುವ ಕೆಲಸ ನನಗೆ ಬಂತು.

ನಾನು ಸದ್ದಿನ ಕೆಲಸದವಳು. ಕುಮಟೆಯ ಪಕ್ಕದ ಹೊಳನಗದ್ದೆಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆಗೆ ಗೋಡೆ ತುಂಬ ಹಳೆಯ ಕೌದಿ ಬಡಿದು, ಕಿಟಕಿಗೆ ಎರಡು ಪದರ ಗೋಣಿಚೀಲ ತುಂಬಿ ಕೂತಿದ್ದೇನೆ. ಆಟಗಳ ಬಾಗಿಲು ಕಿರುಗುಟ್ಟುವುದು, ಕೊಡ ಉರುಳುವುದು, ಕುದುರೆ ನಡೆಯುವುದು ಇಂಥವನ್ನು ಮಾಡಿ ಕಳಿಸುತ್ತಿದ್ದೆ. ಮನುಷ್ಯರ ದನಿ ಇದೇ ಮೊದಲು. ಆಟ ಮಾಡುವ ಕಂಪನಿಯ ಧ್ವನಿ ವಿಭಾಗದ ಮುಖ್ಯಸ್ಥೆ ಮೈಸೂರು ಕಡೆಯವರು, ಮಾತು ನೇರ. "ನಾಲ್ಕು ವಾರ ಇದೆ. ಹಡಗಿನ ದನಿ ಒಪ್ಪಿಗೆಯಾದರೆ ಆಟದ ಜನರ ದನಿಯೆಲ್ಲ ನಿಮಗೇ, ಸಂತೆ, ದೇವಸ್ಥಾನ, ನಾಟಕದ ಬಯಲು, ಎಲ್ಲ. ಆಗದಿದ್ದರೆ ಸಿದ್ಧ ಸದ್ದಿನ ಸಂಗ್ರಹದಿಂದ ಕೊಂಡು ಹಾಕ್ತೀವಿ. ನೀವು ಬಾಗಿಲು ಕಿರುಗುಟ್ಟಿಸಿಕೊಂಡು ಇರಬಹುದು," ಎಂದರು. ನನಗೆ ಬಾಗಿಲು ಸಾಕಾಗಿತ್ತು.

ಕೆಲಸದ ಜೊತೆಗೆ ಒಂದು ಟಿಪ್ಪಣಿ ಬಂತು. ಬರೆದವರು ಆಟಕ್ಕೆ ಇತಿಹಾಸದ ಸಲಹೆ ಕೊಡುವ ನಿವೃತ್ತ ಪ್ರಾಧ್ಯಾಪಕರು. ನಾನು ಅವರನ್ನು ನೋಡಿದ್ದೇ ಇಲ್ಲ, ಟಿಪ್ಪಣಿಗಳಲ್ಲೇ ಪರಿಚಯ. ಮಹಾ ಕಟ್ಟುನಿಟ್ಟು. ಚಿತ್ರಕಾರರು ಮೊದಲು ಗ್ರೀಕ್ ದೇವಸ್ಥಾನಗಳನ್ನೆಲ್ಲ ಬೆಳ್ಳಗೆ, ಈಗ ಪ್ರವಾಸಿಗರು ನೋಡುವ ಹಾಗೆ ಬರೆದಿದ್ದರಂತೆ. ಇವರು, ಆ ಕಾಲದಲ್ಲಿ ಕಂಬ, ಮೂರ್ತಿ ಎಲ್ಲಕ್ಕೂ ಕೆಂಪು, ನೀಲಿ, ಹಳದಿ ಬಣ್ಣ ಇತ್ತು ಎಂದು ಹೇಳಿ ಇಡೀ ಪಟ್ಟಣಕ್ಕೆ ಬಣ್ಣ ಹೊಡೆಸಿದ್ದರು. ಚಿತ್ರಕಾರರು ಗೊಣಗಿದರು. ನಾನು ಮಾತ್ರ ಪ್ರಾಧ್ಯಾಪಕರ ಪಕ್ಷ. ನಮ್ಮೂರ ಕಡೆ ದೇವಸ್ಥಾನಕ್ಕೆ ಬಣ್ಣ ಹೊಡೆಸದೆ ಬಿಟ್ಟರೆ ಆಡಳಿತ ಮಂಡಳಿಯವರು ಬೀದಿಯಲ್ಲಿ ತಿರುಗಾಡುವುದು ಕಷ್ಟ. ಅವರ ಕಟ್ಟುನಿಟ್ಟು ಮುಂದೆ ನನ್ನ ಕುತ್ತಿಗೆಗೇ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಟಿಪ್ಪಣಿಯಲ್ಲಿ ಮುಖ್ಯವಾದ ಸಂಗತಿ ಎರಡು. ಯಾವ ಇಂದಿನ ಭಾಷೆಯ ಮಾತೂ ಕೇಳಿಸಬಾರದು, ಅದರಲ್ಲೂ ನಮ್ಮ ಕಡೆ ಭಾರ ಎಳೆಯುವವರು ಕೂಗುವ "ಐಸಾ" ಕೇಳಿಸಕೂಡದು. ಹಳೆಯ ಗ್ರೀಕರು ಹುಟ್ಟು ಹಾಕುವಾಗ ಕೂಗುತ್ತಿದ್ದುದು ಹೀಗೆ: ಕರೆಯುವವನು "ಓ...ಓಪ್", ಉಳಿದವರು "ರುಪ್ಪಪಾಯ್".

ಸುಲಭದ್ದನ್ನು ಮೊದಲು ಮುಗಿಸಿದೆ. ಹುಟ್ಟು ನೀರಿಗೆ ಬೀಳುವ ಸದ್ದಿಗೆ ಹೊನ್ನಾವರಕ್ಕೆ ಹೋದೆ. ಶರಾವತಿಯ ಅಳಿವೆಯಲ್ಲಿ, ಉಪ್ಪುನೀರಲ್ಲಿ ಬೇರು ಬಿಟ್ಟ ಕಾಂಡ್ಲಾ ಗಿಡಗಳ ನಡುವೆ ಇನ್ನೂ ಕೈಹುಟ್ಟಿನ ದೋಣಿ ಇಟ್ಟುಕೊಂಡ ಒಬ್ಬ ಮುದುಕರು ಎರಡು ದಿನ ನನ್ನನ್ನು ಸುತ್ತಾಡಿಸಿದರು. ಗ್ರೀಕ್ ನೌಕೆಯಲ್ಲಿ ಹುಟ್ಟು ಹೊರಹೋಗುವ ಕಿಂಡಿಗೆ ನೀರು ಬರದಂತೆ ಚರ್ಮದ ತೋಳು ಹೊಲಿಯುತ್ತಿದ್ದರಂತೆ. ನಾನು ನನ್ನ ಹಳೆಯ ಚರ್ಮದ ಚಪ್ಪಲಿಯನ್ನು ಕತ್ತರಿಸಿ, ನೆನೆಸಿ, ಹುಟ್ಟಿಗೆ ಸುತ್ತಿ ಕಟ್ಟಿದೆ. ಒದ್ದೆ ಚರ್ಮ ನರಳುವ ಸದ್ದು ಚೆನ್ನಾಗಿ ಬಂತು. ಮುದುಕರು ಆ ಹುಟ್ಟನ್ನು ಆಮೇಲೆ ಮೂರು ಸಲ ತೊಳೆದರು.

ದನಿಗೆಂದು ಭಟ್ಕಳದ ಬಂದರಿಗೆ ಹೋದೆ. ಅಲ್ಲಿ ಎಲ್ಲ ಎಂಜಿನ್. ಎಂಜಿನ್ ಇಲ್ಲದ ಕಡೆ ಐಸ್ ಪುಡಿ ಮಾಡುವ ಯಂತ್ರ, ಅದೂ ಇಲ್ಲದ ಕಡೆ ಲೌಡ್‌ಸ್ಪೀಕರ್. ಮೂರು ದಿನ ಅಲೆದು ಪಕ್ಕದ ಜಾಲಿ ಎಂಬ ಊರಿನಲ್ಲಿ ಒಂದು ಹಗ್ಗ-ಬಲೆಯ ಅಂಗಡಿಯ ಮುಂದೆ ಸೋತು ಕೂತೆ. ಅಂಗಡಿಯ ಸಾಹೇಬರು ತಣ್ಣೀರು ಕೊಟ್ಟು ಸಂಗತಿ ಕೇಳಿದರು.

"ಈಗ ಹುಟ್ಟು ಯಾರು ಹಾಕ್ತಾರೆ ಬಾಯೀ?" ಎಂದರು. "ಕೂಗಿ ಎಳೆಯೋರು ಬೇಕಂದ್ರೆ ಮಾವಳ್ಳಿಗೆ ಹೋಗಿ. ಕೈರಂಪಣಿಯವ್ರು. ಹಗ್ಗ ನಮ್ಮಲ್ಲೇ ತಗೊಂಡು ಹೋಗುದು. ಅವ್ರು ಎಳೆಯೂಕೆ ಶುರು ಮಾಡಿದ್ರೆ ಹೈವೇವರೆಗೆ ಕೇಳ್ತದೆ."

ಕೈರಂಪಣಿ ಎಂದರೆ ದಡದಿಂದ ಎಳೆಯುವ ಬಲೆ. ದೋಣಿಯೊಂದು ಬಲೆಯನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗವನ್ನು ಎರಡು ಗುಂಪು ದಡದಲ್ಲಿ ನಿಂತು ಎಳೆಯುತ್ತ, ಎಳೆಯುತ್ತ ಹತ್ತಿರ ಬರಬೇಕು. ಅದಕ್ಕೆ ಎಂಜಿನ್ ಬೇಡ, ಜನ ಬೇಕು. ಇಷ್ಟು ದಿನ ಈ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದ ನನಗೆ ಇದು ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಮುರ್ಡೇಶ್ವರದ ಪಕ್ಕದ ಮಾವಳ್ಳಿಯ ಆ ಬಲೆಯ ಗುಂಪಿಗೆ ಒಬ್ಬ ತಾಂಡೇಲರಿದ್ದಾರೆ. ತಾಂಡೇಲ ಎಂದರೆ ಯಾವಾಗ ಬಲೆ ಬಿಡುವುದು, ಯಾರು ಎಲ್ಲಿ ನಿಲ್ಲುವುದು ಎಂದು ಹೇಳುವ ಯಜಮಾನ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಮಾತಿನ ಲೆಕ್ಕವನ್ನೆಲ್ಲ ಅವರ ಅಕ್ಕ ತುಂಬಿಕೊಡುತ್ತಾರೆ. ಆಕೆ ಮೀನು ಮಾರುವವರು. ದಿನಾ ಬೆಳಿಗ್ಗೆ ಬುಟ್ಟಿ, ಸಿಂಬೆ ಹಿಡಿದು ದಡಕ್ಕೆ ಬಂದು, ಬಲೆ ಎಳೆದು, ಮೀನು ತುಂಬಿಕೊಂಡು ಹೋಗುವವರು. ನನ್ನ ಮೈಕುಗಳನ್ನು, ಗಾಳಿಗೆ ಹಾಕುವ ಕೂದಲಿನ ಟೊಪ್ಪಿಯನ್ನು ನೋಡಿ, "ಇದೆಂತದು, ಬೆಕ್ಕಿನ ಮರಿಯಾ?" ಎಂದು ಕೇಳಿದ್ದು ಅವರೇ.

ನಾನು ಸಂಗತಿ ವಿವರಿಸಿದೆ. ಎರಡೂವರೆ ಸಾವಿರ ವರ್ಷದ ಹಿಂದಿನ ಹಡಗು, ಗೇಮು, ಮಕ್ಕಳು ಮೊಬೈಲಿನಲ್ಲಿ ಆಡುತ್ತಾರಲ್ಲ ಅಂಥದ್ದು. ಬಲೆ ಬಿಡದ ದಿನ ಬಂದು ಒಂದು ಗಂಟೆ ಎಳೆದು ಕೂಗಿದರೆ ಸಾಕು, ದಿನದ ಕೂಲಿ ಕೊಡುತ್ತೇವೆ ಎಂದೆ. "ರುಪ್ಪಪಾಯ್" ಎಂದು ಕೂಗಿ ತೋರಿಸಿದೆ. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕರು. "ಪಪ್ಪಾಯಿ ಮಾರುಕೆ ಹೊರಟಿದ್ರಾ ಅವ್ರು ಹಡಗಲ್ಲಿ?"

ತಾಂಡೇಲರು ನಗಲಿಲ್ಲ. "ಬಲೆ ಇಲ್ದೆ ಎಂತ ಎಳೆಯುದು?" ಎಂದು ಕೇಳಿದರು.

"ಹಗ್ಗವನ್ನು ಆ ಗಾಳಿಮರಕ್ಕೆ ಕಟ್ಟುವ," ಎಂದೆ.

ಅವರು ಮರವನ್ನೂ ನನ್ನನ್ನೂ ನೋಡಿದರು. "ಆತು," ಎಂದರು.

ಹನ್ನೆರಡು ಜನ ಗಂಡಸರು ಮರಕ್ಕೆ ಕಟ್ಟಿದ ಹಗ್ಗವನ್ನು ಎಳೆದರು. ಕೂಗಿದರು. ನಕ್ಕರು. ಮತ್ತೆ ಕೂಗಿದರು. ನಾನು ಮೈಕನ್ನು ಹತ್ತಿರ ಹಿಡಿದು, ದೂರ ಹಿಡಿದು, ಮರಳಿನ ಮೇಲೆ ಇಟ್ಟು ಮೂರು ಬಗೆಯಲ್ಲಿ ತೆಗೆದೆ. ಮನೆಗೆ ಬಂದು ಸೋಸಿ, ಕತ್ತರಿಸಿ, ಜೋಡಿಸಿ ಕಳಿಸಿದೆ. ಮರುದಿನ ಮುಖ್ಯಸ್ಥೆಯ ಫೋನ್ ಬಂತು. "ಸ್ಟುಡಿಯೊದವರಿಗಿಂತ ವಾಸಿ. ಆದರೆ ಇದರಲ್ಲೂ ಯಾರೂ ಏನನ್ನೂ ಎಳೀತಿಲ್ಲ. ಬರೀ ಕೂಗ್ತಿದ್ದಾರೆ."

ಇದನ್ನು ತಾಂಡೇಲರಿಗೆ ಹೇಳಲು ಮತ್ತೆ ಮಾವಳ್ಳಿಗೆ ಹೋದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಮರ ಎಳೆದ್ರೆ ಮರ ಬರೂದಿಲ್ಲ ಅಂತ ಮೈಗೆ ಗೊತ್ತುಂಟು ತಂಗಿ. ಮೈ ಸುಳ್ಳು ಹೇಳುದಿಲ್ಲ. ಭಾರ ಬಂದ್ರೆ ದನಿ ತನ್ನಷ್ಟಕ್ಕೆ ಬತ್ತದೆ."

"ಮತ್ತೆ ಮೊನ್ನೆಯೇ ಯಾಕೆ ಹೇಳಲಿಲ್ಲ?" ಎಂದು ರೇಗಿದೆ.

"ನೀನು ಕೇಳಲಿಲ್ಲ," ಎಂದರು.

ಹತ್ತು ದಿನ ಉಳಿದಿತ್ತು. ಅಲ್ಲೇ ಮರಳಿನ ಮೇಲೆ ಕೂತು ತೀರ್ಮಾನ ಮಾಡಿದೆ, ನಿಜವಾದ ಬಲೆಯ ದಿನವೇ ತೆಗೆಯುವುದು ಎಂದು. ಅದರಲ್ಲಿ ಅಪಾಯವಿತ್ತು. ಮೀನು ನನ್ನ ಗಡುವು ನೋಡಿಕೊಂಡು ಬರುವುದಿಲ್ಲ. ಎರಡನೆಯದು, ತಾಂಡೇಲರ ಒಂದು ಕಟ್ಟಳೆ. ಬಲೆ ಎಳೆಯುವ ಹೊತ್ತಿನಲ್ಲಿ ಹಗ್ಗದ ಹತ್ತಿರ ಬರಿಗೈಯಲ್ಲಿ ಯಾರೂ ನಿಲ್ಲುವಂತಿಲ್ಲ. ನಿಂತರೆ ಎಳೆಯಬೇಕು, ಇಲ್ಲದಿದ್ದರೆ ರಸ್ತೆಯವರೆಗೆ ಹೋಗಬೇಕು. ಮುರ್ಡೇಶ್ವರಕ್ಕೆ ಬಂದ ಪ್ರವಾಸಿಗರು ಫೋಟೊ ತೆಗೆಯಲು ನಿಂತರೆ ಅಕ್ಕ ಅವರ ಕೈಗೂ ಹಗ್ಗ ಕೊಟ್ಟುಬಿಡುತ್ತಾರೆ. ನನಗೂ ರಿಯಾಯಿತಿ ಇರಲಿಲ್ಲ. ಅಂದರೆ ಕೋಲಿನ ಮೈಕು ಹಿಡಿದು ಓಡಾಡುವ ಹಾಗಿಲ್ಲ.

ಹಾಗಾಗಿ ಮದುವೆ ಮಂಟಪದಲ್ಲಿ ಅಂಗಿಗೆ ಸಿಕ್ಕಿಸುತ್ತಾರಲ್ಲ, ಅಂಥ ಆರು ಪುಟ್ಟ ಮೈಕು ಹೊಂದಿಸಿದೆ. ಎದೆಗೆ ಸಿಕ್ಕಿಸಿದರೆ ಹಗ್ಗ ಉಜ್ಜುತ್ತದೆ. ಕಾಲರಿಗೆ ಸಿಕ್ಕಿಸಿದರೆ ಬೆವರು ಇಳಿಯುತ್ತದೆ. ಕೊನೆಗೆ ತಲೆಗೆ ಕಟ್ಟುವ ಬಟ್ಟೆಯ ಮಡಿಕೆಯೊಳಗೆ, ಹಣೆಯ ಮೇಲೆ ಇಡುವುದು ಸರಿಹೋಯಿತು. ನೀರು ತಾಗದಂತೆ ಪ್ರತಿ ಮೈಕಿಗೂ ಮಕ್ಕಳ ಬಲೂನು ಕತ್ತರಿಸಿ ಹಾಕಿದೆ. ಒಂದು ತಾಂಡೇಲರಿಗೆ, ನಾಲ್ಕು ಬೇರೆ ಬೇರೆ ಗಂಟಲಿನ ಗಂಡಸರಿಗೆ, ಆರನೆಯದು ನನಗೆ ಎಂದು ಲೆಕ್ಕ. ಅಕ್ಕ ಬಂದು ಎದುರಿಗೆ ನಿಂತರು.

"ನಂಗಿಲ್ವಾ? ನಾ ಎಂತ ಇಲ್ಲಿ ಶೋಕಿಗೆ ಎಳೆಯುದಾ?"

ನನ್ನದನ್ನು ತೆಗೆದು ಅವರ ತಲೆವಸ್ತ್ರದೊಳಗೆ ಇಟ್ಟೆ. ಸುಮ್ಮನೆ, ಬೇಜಾರಾಗಬಾರದು ಎಂದು.

ಮೊದಲ ದಿನ ತಾಂಡೇಲರು ಕಡಲನ್ನು ನೋಡಿ ಬಲೆಯನ್ನೇ ಬಿಡಲಿಲ್ಲ. ಎರಡನೆಯ ದಿನ ಬಿಟ್ಟರು. ನಾಲ್ಕು ನೊಗಲಿ ಮೀನು, ಎರಡು ನೀರಿನ ಬಾಟಲಿ ಮತ್ತು ಯಾರದೋ ಒಂದು ಬೂಟು ಬಂತು. ಮೂರನೆಯ ದಿನ ಬಲೆ ಭಾರವಾಗಿತ್ತು. ದಡಕ್ಕೆ ಬಂದಾಗ ನೋಡಿದರೆ ಬಲೆ ತುಂಬ ಲೋಳೆಯಾದ ಜೆಲ್ಲಿ ಮೀನು. ಮೈಯೆಲ್ಲ ತುರಿಕೆ. ಆ ದಿನ ಭಾರವಿತ್ತು, ದನಿಯೂ ಇತ್ತು, ಆದರೆ ಅದರಲ್ಲಿ ಬೈಗುಳವಲ್ಲದ ಒಂದು ಮಾತೂ ಇರಲಿಲ್ಲ.

ಈ ಖಾಲಿ ದಿನಗಳಲ್ಲಿ ಒಂದು ಒಳ್ಳೆಯದಾಯಿತು. "ರುಪ್ಪಪಾಯ್" ಅವರ ಬಾಯಿಗೆ ಹತ್ತಿತು. ಬಲೆ ಬಿಡಿಸುವಾಗ, ದೋಣಿ ದೂಡುವಾಗ, ಚಹಾದಂಗಡಿಯಲ್ಲಿ ಗ್ಲಾಸು ಎತ್ತುವಾಗ ಕೂಡ ಯಾರಾದರೂ "ಓ...ಓಪ್" ಎಂದರೆ ಉಳಿದವರು ಓಗೊಡುತ್ತಿದ್ದರು. ಶುರು ಮಾಡುತ್ತಿದ್ದುದು ಹೆಚ್ಚಾಗಿ ಅಕ್ಕ. ತಾಂಡೇಲರ ಬಾಯಿಗೆ ಮಾತ್ರ ಅದು ಬರಲೇ ಇಲ್ಲ. ನನ್ನನ್ನು ಕಂಡಾಗ ಮರ್ಯಾದೆಗೆ ಒಂದು ಸಲ ಹೇಳಿ, ಆಮೇಲೆ "ಐಸಾ"ಕ್ಕೆ ಮರಳುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಕಡಲು ಶಾಂತವಿತ್ತು. ತಾಂಡೇಲರು ದೂರದಲ್ಲಿ ನೀರಿನ ಮೇಲೆ ಒಂದು ಕಪ್ಪು ಕಲೆಯನ್ನೂ ಅದರ ಮೇಲೆ ಎರಗುವ ಹಕ್ಕಿಗಳನ್ನೂ ತೋರಿಸಿ, "ಬಂಗುಡೆ," ಎಂದರು. ದೋಣಿ ಹೊರಟಿತು. ಅಂದು ಊರಲ್ಲೊಂದು ಮದುವೆಯಿದ್ದು ಗಂಡಸರು ಕಡಿಮೆ ಬಂದಿದ್ದರು. ಮೀನು ಕೊಳ್ಳಲು ಬಂದ ಹೆಂಗಸರು ಬುಟ್ಟಿ ಬದಿಗಿಟ್ಟು ಸೀರೆ ಎತ್ತಿಕಟ್ಟಿ ಹಗ್ಗ ಹಿಡಿದರು. ನಾನು ಬಡಗು ಬದಿಯ ಹಗ್ಗದಲ್ಲಿ, ಅಕ್ಕನ ಹಿಂದೆ.

ಮೊದಲ ಅರ್ಧ ಗಂಟೆ ತಾಂಡೇಲರೇ ಕರೆದರು. ಪೂರ್ತಿ "ಐಸಾ". ನಾನು ಹಗ್ಗ ಎಳೆಯುತ್ತ ಒಳಗೊಳಗೇ ಕುದಿಯುತ್ತಿದ್ದೆ. ಆಗ ಹಗ್ಗ ಇದ್ದಕ್ಕಿದ್ದಂತೆ ಬಿಗಿಯಿತು. ಅಂಗೈಯಲ್ಲಿ ಬೆಂಕಿ ಇಟ್ಟ ಹಾಗಾಯಿತು. ಮೀನು ಬಲೆಯ ಅಡಿಯಿಂದ ನುಸುಳದಂತೆ ಕೆಳಹಗ್ಗವನ್ನು ಒತ್ತಿ ಹಿಡಿಯಬೇಕು ಎಂದು ತಾಂಡೇಲರು ಕೂಗಿ, ನೀರಿಗೆ ಹಾರಿದರು. ಕರೆ ನಿಂತಿತು. ಒಂದು ಕ್ಷಣ ಎಲ್ಲರೂ ಬೇರೆ ಬೇರೆ ಎಳೆದು ಹಗ್ಗ ತಪ್ಪಿತು. ಆಗ ನನ್ನ ಮುಂದಿನಿಂದ ಅಕ್ಕನ ದನಿ ಎದ್ದಿತು.

"ಓ..." ಎಂದು ಎಳೆದು, ಎಳೆದು, ತಡೆದು, "...ಓಪ್!"

"ರುಪ್ಪಪಾಯ್!"

ಯಾರೂ ನಗಲಿಲ್ಲ. ಮುಕ್ಕಾಲು ಗಂಟೆ ಆಕೆ ಕರೆದರು. ನಾನೂ ಕೂಗಿದೆ. ರೆಕಾರ್ಡರು ಓಡುತ್ತಿದೆಯೋ ಇಲ್ಲವೋ ಎಂಬುದೂ ಮರೆತಿತ್ತು. ಬಲೆ ದಡಕ್ಕೆ ಬಂದಾಗ ಒಳಗೆ ಬಂಗುಡೆ ಬೆಳ್ಳಗೆ ಕುದಿಯುತ್ತಿತ್ತು. ನನ್ನ ಎರಡೂ ಕೈಯಲ್ಲಿ ಬೊಬ್ಬೆ.

ಮೀನು ಹಂಚುವಾಗ ನನಗೂ ಒಂದು ಚೀಲ ಬಂತು. ಬೇಡ ಎಂದೆ. ಅಕ್ಕ ಗದರಿದರು. "ಹಗ್ಗಕ್ಕೆ ಕೈ ಹಾಕಿದವ್ರಿಗೆ ಪಾಲುಂಟು. ಬ್ಯಾಡ ಅನ್ನುಕಿಲ್ಲ." ಆಮೇಲೆ ತಲೆವಸ್ತ್ರದಿಂದ ಮೈಕು ತೆಗೆದು ಕೊಡುತ್ತ, "ನಿನ್ನ ಹಡಗಲ್ಲಿ ನಮ್ಮ ಪಾಲೂ ಉಂಟಲ್ಲ?" ಎಂದು ಕೇಳಿದರು.

"ಉಂಟಕ್ಕಾ. ನಿಮ್ಮ ದನಿ ಹಡಗಿಗೆ ಹೋಗ್ತದೆ," ಎಂದೆ. ಖುಷಿಯಲ್ಲಿ ಹೇಳಿದ ಮಾತು. ಆದರೂ ಮಾತು ಮಾತೇ.

ಮನೆಯಲ್ಲಿ ಕೌದಿಯ ಕೋಣೆಯಲ್ಲಿ ಕೂತು ಕೇಳಿದಾಗ ಇನ್ನೊಂದು ಸಂಗತಿ ತಿಳಿಯಿತು. ಕಂಪನಿಯವರು ನನಗೆ ಕೊಟ್ಟಿದ್ದ ಲಯ ಗಡಿಯಾರದ್ದು, ಟಕ್ ಟಕ್ ಎಂದು ಒಂದೇ ಸಮ. ಅಕ್ಕನ ಕರೆ ಹಾಗಿರಲಿಲ್ಲ. ಒಂದು ಕರೆಗೂ ಇನ್ನೊಂದಕ್ಕೂ ನಡುವಿನ ಅಂತರ ಒಮ್ಮೆ ಗಿಡ್ಡ, ಒಮ್ಮೆ ಉದ್ದ. ಮೊದಲು ತಪ್ಪು ಎಂದುಕೊಂಡೆ. ಆಮೇಲೆ ತೆರೆಯ ಸದ್ದಿನ ಜೊತೆ ಇಟ್ಟು ನೋಡಿದೆ. ತೆರೆ ದಡಕ್ಕೆ ಬರುವಾಗ ಮಾತ್ರ ಆಕೆ "ಓಪ್" ಎನ್ನುತ್ತಿದ್ದರು. ತೆರೆ ಹಿಂದೆ ಸರಿಯುವಾಗ "ಓ" ಎಂದು ಹಿಡಿದು ನಿಲ್ಲಿಸುತ್ತಿದ್ದರು, ಆಗ ಎಳೆದರೆ ಬಲೆ ಹರಿಯುತ್ತದೆ, ಜನ ಸೋಲುತ್ತಾರೆ. ಹಗ್ಗ ಎಳೆಯುವವರಿಗೆ ತೆರೆ ನೋಡಲು ಪುರುಸೊತ್ತಿಲ್ಲ. ಅವರ ಪಾಲಿನ ಕಡಲನ್ನೂ ಆಕೆಯೇ ನೋಡುತ್ತಿದ್ದರು.

ಇಪ್ಪತ್ತು ಚಿಲ್ಲರೆ ಜನರನ್ನು ನೂರೆಪ್ಪತ್ತು ಮಾಡಬೇಕಿತ್ತು. ಒಂದೇ ಕೂಗನ್ನು ಏಳು ಸಲ ಪ್ರತಿ ಮಾಡಿದರೆ ಕೊಳವೆಯೊಳಗೆ ಕೂಗಿದ ಹಾಗೆ ಕೇಳುತ್ತದೆ. ಆದ್ದರಿಂದ ಬೇರೆ ಬೇರೆ ಹೊತ್ತಿನ ಕೂಗುಗಳನ್ನು ಆರಿಸಿ, ಒಂದರ ಮೇಲೊಂದು ಹಾಸಿದೆ. ಮೂರು ದಿನ ಹಿಡಿಯಿತು. ಕಳಿಸಿದ ಅರ್ಧ ಗಂಟೆಗೆ ಮುಖ್ಯಸ್ಥೆಯ ಫೋನ್. ಹಲೋ ಕೂಡ ಹೇಳಲಿಲ್ಲ. "ಇವರು ಎಳೀತಿದ್ದಾರೆ!" ಎಂದರು.

ಮರುದಿನ ಪ್ರಾಧ್ಯಾಪಕರ ಟಿಪ್ಪಣಿ ಬಂತು. ಮೂರೇ ಸಾಲು. ಕೆಲಸ ಅತ್ಯುತ್ತಮವಾಗಿದೆ. ಕರೆ ಕೊಡುವ ದನಿ ಹೆಂಗಸಿನದು. ಅಂಥ ಯುದ್ಧನೌಕೆಯಲ್ಲಿ ಹೆಂಗಸರು ಇರಲಿಲ್ಲ. ದಯವಿಟ್ಟು ಸರಿಪಡಿಸಿ.

ಅವರದು ತಪ್ಪಲ್ಲ. ದೇವಸ್ಥಾನಕ್ಕೆ ಬಣ್ಣ ಹೊಡೆಸಿದಾಗ ಚಪ್ಪಾಳೆ ತಟ್ಟಿದವಳು ಈಗ ಬೇಡ ಎನ್ನುವುದು ಹೇಗೆ? ಇತರ ಹೆಂಗಸರ ದನಿ ಗುಂಪಿನಲ್ಲಿ ಸೇರಿಹೋಗಿತ್ತು, ನನ್ನದೂ ಸೇರಿ. ಅದನ್ನು ಸೋಸಬಹುದಿತ್ತು. ಕರೆಯೊಂದೇ ತೊಂದರೆ. ತಾಂಡೇಲರದು ಬಳಸೋಣ ಎಂದರೆ ಅದೆಲ್ಲ "ಐಸಾ". ಬೇರೆ ಗಂಡಸಿನಿಂದ ಹೊಸದಾಗಿ ಕೂಗಿಸಿದರೆ ಮತ್ತೆ ಮರ ಎಳೆದ ದನಿಯೇ. ಮುಖ್ಯಸ್ಥೆ ಸುಲಭದ ದಾರಿ ಹೇಳಿದರು. "ದನಿ ಇಳಿಸಿ. ಗಂಡಸಿನದು ಮಾಡಿ. ಎರಡು ದಿನ ಇದೆ."

ಇಳಿಸಿದೆ. ಮೊದಲ ಸಲ ಕುಡಿದು ಬಂದವನ ಹಾಗೆ ಕೇಳಿಸಿತು. ಎರಡನೆಯ ಸಲ ಮೂಗು ಕಟ್ಟಿದವನ ಹಾಗೆ. ಮೂರನೆಯ ಸಲ ಚೆನ್ನಾಗಿಯೇ ಬಂತು, ನನಗೆ ತೊಂದರೆಯಾದದ್ದೇ ಅಲ್ಲಿ. ಕಳಿಸಿದರೆ ಕೆಲಸ ಮುಗಿಯುತ್ತಿತ್ತು. ಸಂತೆ, ದೇವಸ್ಥಾನ, ನಾಟಕದ ಬಯಲು ಎಲ್ಲ ನನ್ನದಾಗುತ್ತಿತ್ತು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತೆ. ಒತ್ತಲಾಗದೆ, ಅದನ್ನು ಮೊಬೈಲಿಗೆ ಹಾಕಿಕೊಂಡು ಮಾವಳ್ಳಿಯ ಬಸ್ಸು ಹತ್ತಿದೆ.

ಅಕ್ಕ ಮೀನಿನ ಬುಟ್ಟಿಯ ಮುಂದೆ ಕೂತಿದ್ದರು. ಕೈ ಒರೆಸಿಕೊಂಡು ಹೆಡ್‌ಫೋನ್ ಹಾಕಿಕೊಂಡರು. ಒಂದು ಸಲ ಕೇಳಿ, ಇನ್ನೊಂದು ಸಲ ಕೇಳಿದರು.

"ಯಾರಿದು?"

"ನೀವೇ ಅಕ್ಕಾ. ಗಂಡಸಿನ ದನಿ ಬೇಕಂದ್ರು."

ಅವರು ಹೆಡ್‌ಫೋನ್ ತೆಗೆದು ಎರಡು ಕೈಯಲ್ಲಿ ನನಗೆ ಕೊಟ್ಟರು. "ನಾನಲ್ಲ. ನಮ್ಮ ತಮ್ಮನೂ ಅಲ್ಲ. ಯಾರೋ ಬ್ಯಾರೆಯವ ಬಂದು ನಮ್ಮ ಹಗ್ಗ ಹಿಡಿದಿದ್ದಾನೆ," ಎಂದು ಹೇಳಿ, ಕಾದು ನಿಂತ ಗಿರಾಕಿಗೆ ಮೀನು ಎಣಿಸತೊಡಗಿದರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ವಾಪಸು ಬಸ್ಸು ಹತ್ತಿದೆ. ಹೊನ್ನಾವರದಲ್ಲಿ ಬಸ್ಸು ನಿಂತಾಗ ಎದುರಿನ ಕಲ್ಯಾಣ ಮಂಟಪದಿಂದ ಓಲಗ ಕೇಳಿಸುತ್ತಿತ್ತು. ಪ್ರಾಧ್ಯಾಪಕರ ಮೊದಲ ಟಿಪ್ಪಣಿಯ ಕೊನೆಯಲ್ಲಿ, ನಾನು ಓದಿ ಮರೆತಿದ್ದ ಒಂದು ಸಾಲು ಆಗ ನೆನಪಾಯಿತು. ಹಡಗಿನಲ್ಲಿ ಕರೆಯುವವನ ಜೊತೆಗೆ ಲಯ ಹಿಡಿಯಲು ಒಬ್ಬ ವಾದ್ಯದವನೂ ಇರುತ್ತಿದ್ದ. ಅವನದು ಓಲಗದ ಹಾಗೆ ಜೋಡಿ ಪೀಪಿ ಕಟ್ಟಿದ ಕೊಳವೆ. ಬಸ್ಸಿನಿಂದ ಅಲ್ಲೇ ಇಳಿದೆ. ನಿಲ್ದಾಣದಿಂದಲೇ ಮುಖ್ಯಸ್ಥೆಗೆ ಫೋನ್ ಮಾಡಿ, ಇಳಿಸಿದ ದನಿ ಕಳಿಸುವುದಿಲ್ಲ, ಕರೆಯನ್ನು ಪೂರ್ತಿ ತೆಗೆದು ವಾದ್ಯ ಹಾಕುತ್ತೇನೆ ಎಂದೆ.

ಮುಖ್ಯಸ್ಥೆ ದಿನ ಎಣಿಸಿದರು. "ಒಂದೂವರೆ ದಿನ ಇದೆ. ಇಳಿಸಿದ್ದು ಚೆನ್ನಾಗಿದ್ದರೆ ಅದನ್ನೇ ಕೊಡಬಹುದಲ್ಲ?"

"ಚೆನ್ನಾಗಿದೆ. ಕೊಡುವುದಿಲ್ಲ."

"ಆಗದಿದ್ದರೆ ಸಂಗ್ರಹದಿಂದ ಹಾಕ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ," ಎಂದರು.

ಬೇಜಾರು ಆಗಲ್ಲ ಎಂದೆ. ದನಿ ಇಳಿಸುವುದು ಬೇಡ ಎಂದವಳು ಆ ದನಿಯನ್ನೇ ಇಲ್ಲವಾಗಿಸಲು ಹೊರಟಿದ್ದೆ, ಅದು ಇನ್ನೂ ದೊಡ್ಡ ಮೋಸವೇನೋ ಎಂಬ ಅನುಮಾನವೂ ಇತ್ತು.

ಮಂಟಪದಲ್ಲಿ ಊದುತ್ತಿದ್ದ ಓಲಗದವರು ಮರುದಿನ ಬೆಳಿಗ್ಗೆ ಅವರ ಮನೆಯ ಜಗಲಿಯಲ್ಲಿ ಸಿಕ್ಕಿದರು. ಅವರ ಕಿವಿಗೆ ಅಕ್ಕನ ಕರೆ ಹಾಕಿದೆ. ಕರೆಯ ಜಾಗದಲ್ಲಿ ನೀವು ಊದಬೇಕು, ಆಕೆ ಎಳೆದಷ್ಟು ಎಳೆದು, ತಡೆದಷ್ಟು ತಡೆದು ಎಂದೆ. ಮೊದಲ ಸಲ ಅವರು ತಾಳ ಹಿಡಿದುಬಿಟ್ಟರು. ಮೂವತ್ತು ವರ್ಷದ ಅಭ್ಯಾಸ, ಅಂತರವೆಲ್ಲ ಒಂದೇ ಸಮ ಆಯಿತು. ಎರಡನೆಯ ಸಲವೂ ಹಾಗೇ.

"ಇದು ಎಂತ ತಾಳ ಮಾರಾಯ್ತೀ?" ಎಂದು ರೇಗಿದರು.

"ತಾಳ ಇಲ್ಲ. ಆಕೆ ತೆರೆ ನೋಡಿ ಕರೆಯುದು. ತೆರೆ ಕೇಳಿ."

ಹೆಡ್‌ಫೋನನ್ನು ಒತ್ತಿ ಹಿಡಿದು ಹತ್ತು ನಿಮಿಷ ಸುಮ್ಮನೆ ಕೇಳಿದರು. ಕಾಲಿನ ಹೆಬ್ಬೆರಳು ಕುಣಿಯುವುದು ನಿಂತಿತು. ಮೂರನೆಯ ಸಲ ಊದಿದ್ದು ಅಕ್ಕನ ಕರೆಯ ಮೇಲೆ ಕೂದಲೆಳೆಯೂ ತಪ್ಪದೆ ಕೂತಿತು. ನಡುವೆ ಒಂದು ಕಾಗೆ ಕೂಗಿತ್ತು, ಅದನ್ನು ತೆಗೆಯಲು ಸಂಜೆಯಾಯಿತು.

ಗಂಡಸರ ಹಣೆಯ ಮೈಕುಗಳಲ್ಲಿ ಅವರ ದನಿಯ ಹಿಂದೆ ಅಕ್ಕನ ಕರೆಯೂ ತೆಳುವಾಗಿ ಸೇರಿತ್ತು. ಸೋಸಿದರೂ ಪೂರ್ತಿ ಹೋಗಲಿಲ್ಲ. ಹೋಗಲೇಬೇಕು ಎಂದು ನಾನೂ ಹಟ ಹಿಡಿಯಲಿಲ್ಲ. ವಾದ್ಯದ ಅಡಿಯಲ್ಲಿ ಅದು ಯಾರಿಗೂ ಕೇಳುವುದಿಲ್ಲ. ಗಡುವಿಗೆ ಎರಡು ಗಂಟೆ ಮೊದಲು ಕಳಿಸಿದೆ.

ಪ್ರಾಧ್ಯಾಪಕರಿಂದ ಈ ಸಲ ಎರಡು ಪುಟದ ಟಿಪ್ಪಣಿ ಬಂತು, ವಾದ್ಯ ಬಂದದ್ದಕ್ಕೆ ಸಂತೋಷಪಟ್ಟು. ಅಂತರಗಳು ಏರುಪೇರಾಗಿರುವುದು ಯಾಕೆ ಎಂದು ಮಾತ್ರ ಕೇಳಿದ್ದರು. ತೆರೆಯ ಸಂಗತಿ ಬರೆದೆ. ಮುಖ್ಯಸ್ಥೆ ಅದನ್ನು ಓದಿ, ಆಟದ ಕಡಲು ಮಾಡುವವರ ಜೊತೆ ಕೂತು, ಗಡಿಯಾರದ ಲಯವನ್ನು ಕಿತ್ತುಹಾಕಿಸಿದರು. ಈಗ ಆಟದಲ್ಲಿ ಹಡಗಿಗೆ ಎದುರಾಗಿ ತೆರೆ ಏರುವಾಗ ವಾದ್ಯ ಕಾಯುತ್ತದೆ, ಹಡಗು ಕಾಯುತ್ತದೆ. ಸಂತೆ, ದೇವಸ್ಥಾನ, ನಾಟಕದ ಬಯಲು ನನಗೇ ಬಂದವು. ಆಟದ ಕೊನೆಯಲ್ಲಿ ಬರುವ ಪಟ್ಟಿಗೆ ಹಗ್ಗ ಹಿಡಿದವರ ಹೆಸರನ್ನೆಲ್ಲ ಕಳಿಸಿದೆ. ಅಕ್ಕನ ಹೆಸರಿನ ಮುಂದೆ "ಕರೆ" ಎಂದು ಬರೆದೆ. ಕರೆ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಆಡುವಷ್ಟು ಸಿದ್ಧವಾದ ಆಟವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಮಾವಳ್ಳಿಗೆ ಹೋಗಲು ನನಗೆ ಎರಡು ತಿಂಗಳು ಧೈರ್ಯ ಬರಲಿಲ್ಲ. ಹೋದಾಗ ಅಕ್ಕ ಮಗುಚಿ ಹಾಕಿದ ದೋಣಿಯ ನೆರಳಿನಲ್ಲಿ ಖಾಲಿ ಬುಟ್ಟಿಯ ಪಕ್ಕ ಕೂತಿದ್ದರು. ಹೆಡ್‌ಫೋನ್ ಕೊಟ್ಟೆ. ನನ್ನ ಕಿವಿಗೂ ಒಂದು ತಂತಿ ಹಾಕಿಕೊಂಡೆ. ಹಡಗು ಹೊರಟಿತು. ವಾದ್ಯ ಎತ್ತಿಕೊಂಡಿತು. ಗಂಡಸರು ಓಗೊಟ್ಟರು.

"ಇದು ಓಲಗ," ಎಂದರು ಅಕ್ಕ.

"ಹೌದಕ್ಕಾ."

"ನಾನೆಲ್ಲಿ?"

ನಾನು ಪರದೆಯ ಕಡೆ ಕೈ ತೋರಿಸಿದೆ. ಬಂದರು ದಾಟಿ ಹಡಗು ತೆರೆದ ಕಡಲಿಗೆ ಬಂತು. ಮೊದಲ ದೊಡ್ಡ ತೆರೆ ಏರಿತು. ಅಕ್ಕನ ಬಲಗೈ ಬುಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿಯಿತು.

"ತಡಿ," ಎಂದರು. ನನಗಲ್ಲ.

ವಾದ್ಯ ತಡೆದು ನಿಂತಿತು. ತೆರೆ ಹಡಗಿನ ಅಡಿಯಲ್ಲಿ ಸರಿಯಿತು.

"ಈಗ."

ವಾದ್ಯ ಬಿಟ್ಟಿತು. ನೂರೆಪ್ಪತ್ತು ಹುಟ್ಟು ಒಟ್ಟಿಗೆ ನೀರಿಗಿಳಿದವು. ಎರಡನೆಯ ತೆರೆಗೂ ಅಕ್ಕ ವಾದ್ಯಕ್ಕಿಂತ ಮೊದಲು ಹೇಳಿದರು. ಮೂರನೆಯದಕ್ಕೂ. ನಾಲ್ಕನೆಯದಕ್ಕೆ ಬಾಯಿಂದ ಹೇಳಲಿಲ್ಲ, ಬುಟ್ಟಿ ಹಿಡಿದ ಕೈಯನ್ನಷ್ಟೇ ಎಳೆದರು.

ಆಮೇಲೆ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ, "ಎಷ್ಟು ಜನ ಅಂದಿ, ಈ ಗಂಡಸ್ರು?" ಎಂದು ಕೇಳಿದರು.

"ನೂರೆಪ್ಪತ್ತು."

"ಅವ್ರಿಗೆ ಗೊತ್ತುಂಟಾ, ಯಾರ ಮಾತು ಕೇಳಿ ಎಳೀತಿದ್ದಾರೆ ಅಂತ?"

"ಇಲ್ಲಕ್ಕಾ."

"ಗೊತ್ತಾಗುದು ಬ್ಯಾಡ," ಎಂದು ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸಿಕೊಂಡರು. "ಎಳೀಲಿ."